ಹುಲಿದಳದ ವೈಮಾನಿಕರು

ಭಾರತೀಯ ವಾಯುಪಡೆಯ ಒಂದನೆಯ ಸ್ಕ್ವಾಡ್ರನ್ನಿಗೆ ‘ಹುಲಿಗಳು’ ಎಂಬ ಹೆಸರುಂಟು. 1933ರ ಏಪ್ರಿಲ್ 1ರಂದು ಕರಾಚಿಯ ಡ್ರಿಗ್ ರೋಡಿನಲ್ಲಿ ಅದು ಜನ್ಮ ತಾಳಿದಾಗ ಅದಕ್ಕಿದ್ದುದು ನಾಲ್ಕು ವಾಪಿಟಿ ವಿಮಾನಗಳು ಮಾತ್ರ. ಭಾರತೀಯನಿಗೆ ವಿಮಾನ ನಡೆಸುವುದು ಸಾಧ್ಯವೇ ಎಂದು ಬಿಳಿಯರು ಸಂಶಯಪಡುತ್ತಿದ್ದ ಕಾಲ ಅದು.

ಉತ್ತರವನ್ನು ಬರ್ಮಾದ ಯುದ್ಧ ಕೊಟ್ಟಿತು. 1942ರಲ್ಲಿ ಟೌಂಗೂ ನಿಲ್ದಾಣದ ಮೇಲೆ ಜಪಾನೀಯರು ಬಾಂಬು ಸುರಿದರು. ಮರುದಿನವೇ ದಳಪತಿ ಮಜುಂದಾರರು ಲೈಸಾಂಡರ್ ವಿಮಾನದಲ್ಲಿ ಸಯಾಮಿನ ಜಪಾನೀ ನೆಲೆಗೆ ಹೋಗಿ ಬಾಂಬು ಹಾಕಿ ಬಂದರು. ಲೈಸಾಂಡರ್ ಕಾದಾಡುವ ವಿಮಾನವಲ್ಲ. ಭೂಸೈನ್ಯಕ್ಕೆ ಸುದ್ದಿ ತರುವ ನಿಧಾನಗತಿಯ ವಾಹನ. ಅಂತಹ ಧೀರರು 1945ರಲ್ಲಿ ಲಾಹೋರಿನಲ್ಲಿ, ಶತ್ರುವಿನ ಕೈಯಿಂದಲ್ಲ, ಪ್ರದರ್ಶನದ ಹಾರಾಟದಲ್ಲಿ ಸತ್ತರೆಂಬುದು ಎಂತಹ ವಿಧಿವಿಲಾಸ! 1944ರಲ್ಲಿ ಇಂಫಾಲದ ಮೇಲೆ ಹರಿಕೇನ್ ವಿಮಾನಗಳನ್ನು ನಡೆಸಿದ ಅರ್ಜನ್ ಸಿಂಗರೂ ಇದೇ ದಳದ ನಾಯಕರು. 1965ರ ಯುದ್ಧದಲ್ಲಿ ಅವರೇ ವಾಯುಪಡೆಯ ಮುಖ್ಯಸ್ಥರಾಗಿದ್ದರು.

ನಾವು ಮುಖ್ಯವಾಗಿ ಹೇಳಬೇಕೆಂದಿರುವುದು ಆ 1965ರ ಕಥೆಯನ್ನು. ಅದರಲ್ಲಿ ನಮ್ಮ ನಾಡಿನವರೊಬ್ಬರಿದ್ದಾರೆ.

ಅಜ್ಜಮಾಡ ಬಿ. ದೇವಯ್ಯನವರು ಕೊಡಗಿನಲ್ಲಿ 1932ರಲ್ಲಿ ಹುಟ್ಟಿದರು. (ಅಜ್ಜಮಾಡ ಎಂಬುದು ಮನೆತನದ ಹೆಸರು, ಅದನ್ನು ಮೊದಲಿಗಿಡುವುದು ಕೊಡವರ ಪದ್ಧತಿ.) 1954ರಲ್ಲಿ ಅವರು ವಾಯುಪಡೆಯ ಅಧಿಕಾರಿಯಾದಾಗ ಕೊಡಗು ಪ್ರತ್ಯೇಕ ರಾಜ್ಯ. ಎರಡು ವರ್ಷಗಳ ಮೇಲೆ, ನಾವು ಈಗ ಆಚರಿಸುತ್ತಿರುವ ನವೆಂಬರ್ ಒಂದರಂದು, ಅದು ನಮ್ಮೊಡನೆ ಒಂದಾಯಿತು.

ಸೆಪ್ಟೆಂಬರ್ 7ರ ಮುಂಜಾನೆ ಪಂಜಾಬಿನ ಆದಂಪುರದಿಂದ ಹನ್ನೆರಡು ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ಹೋಗಬೇಕೆಂದು ಗೊತ್ತಾಗಿತ್ತು. ನಾಯಕರು ವಿಂಗ್ ಕಮಾಂಡರ್ ತನೇಜಾ. ದೇವಯ್ಯನವರು ಆ ಹನ್ನೆರಡರಲ್ಲಿ ಇರಲಿಲ್ಲ. ಯಾರಾದರೂ ಹಿಂದುಳಿದರೆ ಮಾತ್ರ ಹೋಗಬೇಕಾದ ಕಾಯ್ದಿಟ್ಟ ವೈಮಾನಿಕರು. ಆದರೂ ಹೋದರು. ಸುಮಾರು ಮುನ್ನೂರು ಕಿಲೋಮೀಟರಿನ ದಾರಿ. ರಾಡಾರಿಗೆ ಕಾಣದಂತೆ ನೆಲಕ್ಕೆ ತಾಗುವಷ್ಟು ಕೆಳಗೆ, ಅರೆಗತ್ತಲಿನಲ್ಲಿ ಹಾರಬೇಕು. ಹಿಂದಿರುಗಲು ಸಾಕಾಗುವಷ್ಟೇ ಎಣ್ಣೆ. ದಾರಿಯಲ್ಲಿ ಶತ್ರುವಿನೊಡನೆ ಕಾಳಗಕ್ಕಿಳಿದವನಿಗೆ ಮನೆ ಸೇರುವ ಭರವಸೆಯಿಲ್ಲ.

ಎಲ್ಲರೂ ಬಂದರು, ದೇವಯ್ಯನವರು ಬರಲಿಲ್ಲ. ಅವರಿಗೇನಾಯಿತೆಂದು ಕಂಡವರು ದಳದಲ್ಲಿ ಯಾರೂ ಇರಲಿಲ್ಲ. ‘ಕಾಣೆಯಾಗಿದ್ದಾರೆ’ ಎಂದು ಕಾಗದದಲ್ಲಿ ಬರೆಯಲಾಯಿತು. ಸತ್ತನೆಂದರೆ ಅಳಬಹುದು, ಸೆರೆಯಾದನೆಂದರೆ ಕಾಯಬಹುದು. ಕಾಣೆಯಾದವನ ಹೆಂಡತಿ ಮಕ್ಕಳು ಏನು ಮಾಡಬೇಕು? ಯುದ್ಧದ ಈ ಮುಖ ವಿಜಯೋತ್ಸವದ ಭಾಷಣಗಳಲ್ಲಿ ಬರುವುದಿಲ್ಲ.

ಹದಿನಾಲ್ಕು ವರ್ಷ ಕಳೆಯಿತು. 1979ರಲ್ಲಿ ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕರು ಪಾಕಿಸ್ತಾನದ ಕಡೆಯ ವಿವರಗಳನ್ನು ಆಧರಿಸಿ ಬರೆದ ಪುಸ್ತಕ ಹೊರಬಂದಿತು. ಅದರಿಂದ ನಮ್ಮವರಿಗೆ ನಡೆದುದು ತಿಳಿಯಿತು. ಸರ್ಗೋಧಾದ ಬಳಿ ಒಂಟಿ ಮಿಸ್ಟೇರನ್ನು ಅಮ್ಜದ್ ಹುಸೇನ್ ಎಂಬ ವೈಮಾನಿಕ ಸ್ಟಾರ್‌ಫೈಟರಿನಲ್ಲಿ ಅಟ್ಟಿಸಿಕೊಂಡು ಬಂದಿದ್ದ. ಶಬ್ದದ ಎರಡರಷ್ಟು ವೇಗದ ವಿಮಾನ ಅದು. ನಮ್ಮದು ನೇರ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟಲಾರದು. ಏಟು ತಿಂದ ಮೇಲೂ ಮಿಸ್ಟೇರ್ ಓಡಲಿಲ್ಲ, ತಿರುಗಿ ನಿಂತಿತು. ಅದರ ಗುಂಡುಗಳು ತಗಲಿ ಸ್ಟಾರ್‌ಫೈಟರ್ ಬಿದ್ದಿತು. ಅಮ್ಜದ್ ಪ್ಯಾರಾಚೂಟಿನಲ್ಲಿ ಹಾರಿ ಬದುಕಿದ. ಆ ಮಿಸ್ಟೇರ್ ಯಾರದೆಂದು ಲೆಕ್ಕ ಹಾಕಲು ಕಷ್ಟವೇನಿರಲಿಲ್ಲ. ಮರಳದವರು ಒಬ್ಬರೇ.

ನಿವೃತ್ತರಾಗಿದ್ದ ತನೇಜಾ ಸುಮ್ಮನೆ ಕೂರಲಿಲ್ಲ. ತಮ್ಮ ಜೊತೆಗಾರನಿಗೆ ಮನ್ನಣೆ ದೊರೆಯಬೇಕೆಂದು ಸರ್ಕಾರಕ್ಕೆ ಬರೆದರು. 1988ರಲ್ಲಿ, ಇಪ್ಪತ್ತಮೂರು ವರ್ಷಗಳ ಅನಂತರ, ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರಚಕ್ರ ಬಂದಿತು. ಪತ್ನಿಯವರು ಅದನ್ನು ಸ್ವೀಕರಿಸಿದರು. ಶತ್ರುಪಕ್ಷದ ಮಾತೇ ಸಾಕ್ಷಿಯಾಗಿ ಪದಕ ಬಂದ ಉದಾಹರಣೆಗಳು ಹೆಚ್ಚಿರಲಾರವು.

ಆ ಅಮ್ಜದ್ 1971ರ ಯುದ್ಧದಲ್ಲಿ ಅಮೃತಸರದ ಮೇಲೆ ಮತ್ತೆ ಬಿದ್ದು ನಮ್ಮಲ್ಲಿ ಸೆರೆಯಾದ. ಆಗಿನ್ನೂ ದೇವಯ್ಯನವರ ವಿಷಯ ನಮ್ಮವರಿಗೆ ಗೊತ್ತಿರಲಿಲ್ಲ.

ಮಡಿಕೇರಿಯಲ್ಲಿ ಖಾಸಗಿ ಬಸ್ ನಿಲ್ದಾಣದ ಹತ್ತಿರದ ವೃತ್ತಕ್ಕೆ ಈಗ ಅವರ ಹೆಸರಿದೆ. ರಜೆಯಲ್ಲಿ ಊರಿಗೆ ಹೋಗುವ ನಮ್ಮ ಕೊಡಗಿನ ಬಂಧುಗಳು ಬಸ್ಸಿಳಿದು ಗಂಟುಮೂಟೆ ಹೊತ್ತು ಸಾಗುವುದು ಅದರ ಬಳಿಯಿಂದಲೇ.