ಬೇಲಿಯ ಹಣ್ಣು ಯಾರದು?

ಆಗಸ್ಟ್ ತಿಂಗಳು ಅರ್ಧ ಕಳೆಯಿತೆಂದರೆ ಇಂಗ್ಲೆಂಡಿನ ಹಳ್ಳಿದಾರಿಗಳ ಇಕ್ಕೆಲದ ಬೇಲಿಗಳು ಕಪ್ಪಗಾಗತೊಡಗುತ್ತವೆ. ಮುಳ್ಳುಬಳ್ಳಿಗಳ ತುಂಬ ಗೊಂಚಲು ಗೊಂಚಲು ಬ್ಲ್ಯಾಕ್‌ಬೆರಿ. ಅದರ ಹಿಂದೆಯೇ ಎಲ್ಡರ್‌ಬೆರಿ, ಕಾಡು ಪ್ಲಮ್, ಕಾಡುಗುಲಾಬಿಯ ಕೆಂಪು ಕಾಯಿ. ನಮ್ಮ ಕರಾವಳಿಯಿಂದ, ಮಲೆನಾಡಿನಿಂದ ಹೋಗಿ ಅಲ್ಲಿ ನೆಲೆಸಿದವರು ಚಿಕ್ಕಂದಿನಲ್ಲಿ ಗುಡ್ಡೆ ಗುಡ್ಡೆ ಅಲೆದು ಕುಂಟಾಲ, ಕೇಪುಳ, ನೇರಳೆ ತಿಂದು ನಾಲಗೆ ನೀಲಿ ಮಾಡಿಕೊಂಡವರು. ಅಂಥವರ ಕೈ ಹಣ್ಣು ಕಂಡಲ್ಲಿ ತಾನಾಗಿ ಮುಂದೆ ಹೋಗುತ್ತದೆ. ಹೋದ ಕೈ ಅರ್ಧದಲ್ಲೇ ನಿಲ್ಲುತ್ತದೆ. ಇದು ಯಾರದ್ದೋ ಏನೋ, ಕಿತ್ತರೆ ಯಾರಾದರೂ ಗದರಿಸಿಯಾರೇ, ಪೊಲೀಸರನ್ನು ಕರೆದರೇನು ಗತಿ? ಮೈಬಣ್ಣ ಬೇರೆ, ತಲೆಯ ಮೇಲೆ ಸ್ಕಾರ್ಫ್ ಬೇರೆ ಇದ್ದರೆ ಈ ಅಳುಕು ಇಮ್ಮಡಿಯಾಗುತ್ತದೆ. ಕಾನೂನಿನ ಭಯ ಒಂದು ಕಡೆಯಾದರೆ ಇದು ಹಲಾಲೇ, ಪರರ ಸೊತ್ತೇ ಎಂಬ ಪ್ರಶ್ನೆ ಇನ್ನೊಂದು ಕಡೆ.

ಮೊದಲು ಕಾನೂನಿನ ಉತ್ತರ ನೋಡೋಣ. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯಿಸುವ 1968ರ ಕಳವು ಕಾಯ್ದೆಯ ನಾಲ್ಕನೆಯ ಸೆಕ್ಷನ್ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ತಾನಾಗಿ ಬೆಳೆದ ಗಿಡದಿಂದ ಹಣ್ಣು, ಹೂ, ಎಲೆಗಳನ್ನು ಕೀಳುವುದಾಗಲಿ, ಕಾಡು ಅಣಬೆ ಕೀಳುವುದಾಗಲಿ ಕಳವಲ್ಲ. ಆ ಜಮೀನು ಯಾರದೇ ಆಗಿರಲಿ. ಆದರೆ ಮಾರುವ ಉದ್ದೇಶದಿಂದ ಕಿತ್ತರೆ ಅದೇ ಕೃತ್ಯ ಕಳವಾಗುತ್ತದೆ. ಬೇರುಸಹಿತ ಕೀಳುವಂತಿಲ್ಲ, ಅದಕ್ಕೆ 1981ರ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ. ಇನ್ನೊಬ್ಬರ ಜಮೀನಿನೊಳಗೆ ಕಾಲಿಡುವುದು ಬೇರೆಯೇ ಪ್ರಶ್ನೆ. ಕೆಲವು ರಕ್ಷಿತ ಪ್ರದೇಶಗಳಲ್ಲಿ ಸ್ಥಳೀಯ ನಿಯಮಗಳೂ ಇವೆ. ಸಾರ್ವಜನಿಕ ಕಾಲುದಾರಿಯಲ್ಲಿ ನಿಂತು ಬೇಲಿಯ ಬ್ಲ್ಯಾಕ್‌ಬೆರಿ ಕಿತ್ತು ಬುಟ್ಟಿ ತುಂಬಿಸಿಕೊಂಡು ಮನೆಗೆ ಹೋಗಿ ಜಾಮ್ ಮಾಡುವವರನ್ನು ಮಾತ್ರ ಯಾರೂ ಕಳ್ಳರೆನ್ನುವಂತಿಲ್ಲ, ಅವರು ಆ ದೇಶಕ್ಕೆ ನಿನ್ನೆ ಬಂದಿಳಿದವರಾದರೂ ಸರಿ.

ಇದೇನೂ ಸರಕಾರ ಉದಾರವಾಗಿ ಕೊಟ್ಟ ದಾನವಲ್ಲ. ಇದರ ಹಿಂದೆ ಎಂಟು ಶತಮಾನಗಳ ಜಗಳವಿದೆ.

1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ನರು ವಿಶಾಲ ಪ್ರದೇಶಗಳನ್ನು ರಾಜನ ಬೇಟೆಗಾಗಿ ಮೀಸಲಿಟ್ಟು ಅವಕ್ಕೆ ‘ಫಾರೆಸ್ಟ್’ ಎಂದು ಹೆಸರಿಟ್ಟರು. ಇಂದು ನಾವು ಕಾಡು ಎಂಬ ಅರ್ಥದಲ್ಲಿ ಬಳಸುವ ಆ ಪದ ಅಲ್ಲಿ ಒಂದು ಕಾನೂನಿನ ಪದವಾಗಿತ್ತು. ಅದರೊಳಗೆ ಹಳ್ಳಿಗಳೂ ಇದ್ದವು, ಹೊಲಗಳೂ ಇದ್ದವು. ಅಲ್ಲಿನ ಜನ ಮಾತ್ರ ಸೌದೆಗೂ ಮೇವಿಗೂ ಅರಣ್ಯಾಧಿಕಾರಿಗಳ ಮುಖ ನೋಡಬೇಕಾಗಿತ್ತು. ಇದರ ವಿರುದ್ಧದ ಸಿಟ್ಟು 1217ರ ಅರಣ್ಯ ಸನ್ನದಿಗೆ ಕಾರಣವಾಯಿತು. ಆಗ ಸಿಂಹಾಸನದಲ್ಲಿದ್ದ ಮೂರನೆಯ ಹೆನ್ರಿ ಹತ್ತು ವರ್ಷದ ಹುಡುಗ. ಮ್ಯಾಗ್ನಾ ಕಾರ್ಟಾದ ಹೆಸರು ನಮ್ಮ ಶಾಲಾ ಮಕ್ಕಳಿಗೂ ಗೊತ್ತು. ಅದರ ಜೊತೆಗಾರನಾದ ಈ ಸನ್ನದು ಗೊತ್ತಿರುವವರು ಕಡಿಮೆ. ನನ್ನ ದೃಷ್ಟಿಯಲ್ಲಿ ಬಡವನಿಗೆ ಹೆಚ್ಚು ಹತ್ತಿರವಾದದ್ದು ಇದೇ. ರಾಜನ ಜಿಂಕೆ ಕೊಂದವನ ಪ್ರಾಣವನ್ನಾಗಲಿ ಅಂಗವನ್ನಾಗಲಿ ತೆಗೆಯಬಾರದು, ಸ್ವತಂತ್ರ ಪ್ರಜೆ ತನ್ನ ಮರಗಳಲ್ಲಿ ಸಿಕ್ಕ ಜೇನನ್ನು ತಾನೇ ಇಟ್ಟುಕೊಳ್ಳಬಹುದು ಎಂಬಂಥ ಮಾತುಗಳು ಅದರಲ್ಲಿದ್ದವು. ಸನ್ನದು 1971ರವರೆಗೂ ಕಾನೂನು ಪುಸ್ತಕದಲ್ಲಿ ಉಳಿದಿತ್ತು.

ರಾಜನಿಂದ ಬಿಡಿಸಿಕೊಂಡದ್ದನ್ನು ಮುಂದೆ ಜಮೀನ್ದಾರರು ಕಸಿದುಕೊಂಡರು. 1604ರಿಂದ 1914ರವರೆಗೆ ಬ್ರಿಟಿಷ್ ಪಾರ್ಲಿಮೆಂಟು 5,200ಕ್ಕೂ ಹೆಚ್ಚು ಬೇಲಿ ಕಾನೂನುಗಳನ್ನು ಮಾಡಿತು. ಊರವರೆಲ್ಲ ದನ ಮೇಯಿಸುತ್ತಿದ್ದ, ಸೌದೆ ತರುತ್ತಿದ್ದ, ಹಣ್ಣು ಆಯುತ್ತಿದ್ದ ಸುಮಾರು 68 ಲಕ್ಷ ಎಕರೆ ಭೂಮಿ ಹೀಗೆ ಖಾಸಗಿಯವರ ಬೇಲಿಯೊಳಗೆ ಸೇರಿತು. ಅದು ಇಂಗ್ಲೆಂಡಿನ ಐದನೆಯ ಒಂದು ಪಾಲಿಗಿಂತ ಹೆಚ್ಚು. ಕಟಾವಾದ ಗದ್ದೆಯಲ್ಲಿ ಹಕ್ಕಲು ಆಯುವುದು ಬಡ ಹೆಂಗಸರ ಹಕ್ಕಲ್ಲ, ಅದು ಒಡೆಯನ ಕೃಪೆ ಮಾತ್ರ ಎಂದು 1788ರಲ್ಲಿ ನ್ಯಾಯಾಲಯವೊಂದು ತೀರ್ಪು ಕೊಟ್ಟಿತು. ಮೇರಿ ಹೌಟನ್ ಎಂಬ ಸಫಕ್ ಪ್ರಾಂತದ ಹೆಂಗಸು ಆ ಮೊಕದ್ದಮೆಯಲ್ಲಿ ಸೋತಳು.

ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ಹೀಗೆ ಹಂಚಿಕೊಂಡ ಭೂಮಿಗೆ ಗಡಿಯಾಗಿ ನೆಟ್ಟದ್ದು ಹಾಥಾರ್ನ್ ಮುಂತಾದ ಮುಳ್ಳುಗಿಡಗಳನ್ನು. ಆ ಬೇಲಿಗಳ ನೆರಳಲ್ಲಿ ಹಕ್ಕಿಗಳು ಬೀಜ ಉದುರಿಸಿದವು, ಬ್ಲ್ಯಾಕ್‌ಬೆರಿ ಹಬ್ಬಿತು. ಇಂದು ನಮ್ಮವರು ಬುಟ್ಟಿ ಹಿಡಿದು ಹೋಗುವ ಎಷ್ಟೋ ಬೇಲಿಗಳು ಬಡವರನ್ನು ಹೊರಗಿಡಲೆಂದೇ ನೆಟ್ಟವು.

ಈ ಕತೆಯಲ್ಲಿ ಲಂಡನ್ನಿನ ಅಂಚಿನಲ್ಲಿರುವ ಎಪ್ಪಿಂಗ್ ಫಾರೆಸ್ಟಿಗೆ ವಿಶೇಷ ಸ್ಥಾನವಿದೆ. ಬಾಂಗ್ಲಾದೇಶ, ಪಾಕಿಸ್ತಾನ, ಭಾರತ ಮೂಲದ ದೊಡ್ಡ ಸಂಖ್ಯೆಯ ಮುಸ್ಲಿಮರು ಇಂದು ವಾಸವಾಗಿರುವ ಪೂರ್ವ ಲಂಡನ್ನಿಗೆ ಅದು ಹತ್ತಿರದ ಕಾಡು. 1860ರ ದಶಕದಲ್ಲಿ ಅಲ್ಲಿನ ಲೌಟನ್ ಎಂಬ ಊರಿನಲ್ಲಿ ಜಮೀನ್ದಾರ ಕಾಡಿಗೆ ಬೇಲಿ ಹಾಕಿದ. ಚಳಿಗಾಲದಲ್ಲಿ ಸೌದೆಗಾಗಿ ಮರದ ಕೊಂಬೆ ಕಡಿಯುವುದು ಊರವರ ಹಳೆಯ ಹಕ್ಕು. ಥಾಮಸ್ ವಿಲ್ಲಿಂಗೇಲ್ ಎಂಬ ಕೂಲಿಕಾರನ ಕುಟುಂಬ ಬೇಲಿಯನ್ನು ಲೆಕ್ಕಿಸದೆ ಒಳಗೆ ಹೋಗಿ ಕೊಂಬೆ ಕಡಿಯಿತು. 1866ರಲ್ಲಿ ಆ ಮನೆಯ ಹುಡುಗರು ಜೈಲಿಗೆ ಹೋದರು. ಪ್ರಕರಣ ಲಂಡನ್ನಿನ ಗಮನ ಸೆಳೆಯಿತು, ನಗರಸಭೆ ಜನರ ಪರ ನಿಂತಿತು. ಕೊನೆಗೆ 1878ರ ಎಪ್ಪಿಂಗ್ ಫಾರೆಸ್ಟ್ ಕಾಯ್ದೆ ಬೇಲಿ ಹಾಕುವುದನ್ನು ನಿಲ್ಲಿಸಿ ಕಾಡನ್ನು ಜನರ ವಿಹಾರಕ್ಕೆ ಮುಕ್ತವಾಗಿ ಇಟ್ಟಿತು. ಕೊಂಬೆ ಕಡಿಯುವ ಹಕ್ಕಿಗೆ ಬದಲಾಗಿ ಊರಿಗೆ ಪರಿಹಾರ ಸಿಕ್ಕಿತು. ಆ ಹಣದಿಂದ ಕಟ್ಟಿದ ಲಾಪಿಂಗ್ ಹಾಲ್ ಎಂಬ ಸಭಾಭವನ ಇಂದಿಗೂ ಅಲ್ಲಿದೆ. 1882ರಲ್ಲಿ ವಿಕ್ಟೋರಿಯಾ ರಾಣಿ ಸ್ವತಃ ಬಂದು ಕಾಡನ್ನು ಜನತೆಗೆ ಅರ್ಪಿಸಿದಳು.

1878 ಎಂಬ ಇಸವಿ ನಮಗೂ ಸಂಬಂಧಿಸಿದ್ದು. ಅದೇ ರಾಣಿಯ ಹೆಸರಿನಲ್ಲಿ, ಅದೇ ವರ್ಷ, ಇತ್ತ ಭಾರತದಲ್ಲಿ ಅರಣ್ಯ ಕಾಯ್ದೆ ಜಾರಿಗೆ ಬಂತು. ಹಳ್ಳಿಗಳಿಗೆ ತಮ್ಮದೇ ಕಾಡು ಉಳಿಯಲಿ ಎಂದವರು ಅರಣ್ಯ ಇಲಾಖೆಯ ಮುಖ್ಯಸ್ಥ ಡೀಟ್ರಿಚ್ ಬ್ರಾಂಡಿಸ್. ಸರಕಾರದ್ದೇ ಪೂರ್ಣ ಒಡೆತನ, ಜನರದ್ದೇನಿದ್ದರೂ ಕೊಟ್ಟ ಸವಲತ್ತು ಎಂದವರು ಬೇಡನ್ ಪೊವೆಲ್. ಕಾಯ್ದೆ ಎರಡನೆಯವರ ಮಾತಿನಂತೆ ರೂಪುಗೊಂಡಿತು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಉತ್ತರ ಕನ್ನಡ ಅದರ ವ್ಯಾಪ್ತಿಗೆ ಬಂತು. ಮದ್ರಾಸಿಗೆ ಸೇರಿದ್ದ ದಕ್ಷಿಣ ಕನ್ನಡಕ್ಕೆ 1882ರಲ್ಲಿ ಪ್ರತ್ಯೇಕ ಕಾಯ್ದೆ ಬಂತು. ಕಾಡಿನಲ್ಲಿ ಸಿಗುವ ಮರ ಮಾತ್ರವಲ್ಲ, ಎಲೆ, ಹೂ, ಹಣ್ಣು ಎಲ್ಲವೂ ‘ಅರಣ್ಯ ಉತ್ಪನ್ನ’ ಎಂದಾಯಿತು. ಅದೇ ವ್ಯಾಖ್ಯೆ 1927ರ ಕಾಯ್ದೆಗೂ ದಾಟಿ ಬಂತು. ಲೌಟನ್ನಿನ ಕೂಲಿಕಾರನಿಗೆ ಸಿಕ್ಕಿದ ನ್ಯಾಯ ಶಿರಸಿಯ ರೈತನಿಗೆ ಸಿಗಲಿಲ್ಲ. ಉತ್ತರ ಕನ್ನಡದ ಜನ 1930ರ ಜಂಗಲ್ ಸತ್ಯಾಗ್ರಹದಲ್ಲಿ ಜೈಲಿಗೆ ಹೋದದ್ದರ ಹಿಂದೆ ಈ ನೋವೂ ಇತ್ತು.

ಇಂಗ್ಲೆಂಡಿನಲ್ಲೂ ಜಗಳ ಎಪ್ಪಿಂಗ್‌ನಲ್ಲಿ ಮುಗಿಯಲಿಲ್ಲ. ಉತ್ತರದ ಬೆಟ್ಟಗಳಲ್ಲಿ ಬಿಲ್ಬೆರಿ ಎಂಬ ಪುಟ್ಟ ನೀಲಿ ಹಣ್ಣು ಬೆಳೆಯುತ್ತದೆ. ಆ ಬೆಟ್ಟಗಳನ್ನು ಶ್ರೀಮಂತರು ಹಕ್ಕಿ ಬೇಟೆಗೆಂದು ಮುಚ್ಚಿ ಕಾವಲುಗಾರರನ್ನಿಟ್ಟಿದ್ದರು. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಕಡೆಯ ನೂರಾರು ಯುವ ಕಾರ್ಮಿಕರು ಕಿಂಡರ್ ಸ್ಕೌಟ್ ಎಂಬ ಬೆಟ್ಟವನ್ನು ನಿಷೇಧ ಮುರಿದು ಹತ್ತಿದರು. ಮುಂದಾಳು ಬೆನ್ನಿ ರಾತ್‌ಮನ್, ಇಪ್ಪತ್ತು ವರ್ಷದ ಹುಡುಗ, ರೊಮೇನಿಯಾದಿಂದ ವಲಸೆ ಬಂದ ಯೆಹೂದಿ ದಂಪತಿಯ ಮಗ. ಐವರಿಗೆ ಜೈಲಾಯಿತು. ರಾತ್‌ಮನ್‌ಗೆ ನಾಲ್ಕು ತಿಂಗಳು. ಮುಂದೆ 1951ರಲ್ಲಿ ಅದೇ ಪ್ರದೇಶ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. 2000ದಲ್ಲಿ ಬಂದ ಕಾಯ್ದೆ ಬೆಟ್ಟ, ಬಂಜರು, ಸಾಮುದಾಯಿಕ ಭೂಮಿಯಲ್ಲಿ ನಡೆದಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿತು. 2002ರಲ್ಲಿ, ಘಟನೆಗೆ ಎಪ್ಪತ್ತು ತುಂಬಿದಾಗ, ಅಂದಿನ ಜಮೀನ್ದಾರನ ಮೊಮ್ಮಗನಾದ ಡೆವನ್‌ಶೈರ್ ಡ್ಯೂಕ್ ಬಹಿರಂಗವಾಗಿ ಕ್ಷಮೆ ಕೇಳಿದ.

ವಲಸೆ ಬಂದವರ ಮಗನೊಬ್ಬ ಜೈಲಿಗೆ ಹೋಗಿ ತೆರೆಸಿದ ಬೆಟ್ಟಗಳವು. ಹೀಗಿದ್ದೂ 2021ರ ಕ್ರಿಸ್ಮಸ್ ದಿನ ‘ಮುಸ್ಲಿಂ ಹೈಕರ್ಸ್’ ಎಂಬ ತಂಡದವರು ಅದೇ ಪೀಕ್ ಡಿಸ್ಟ್ರಿಕ್ಟಿನಲ್ಲಿ ಚಾರಣ ಮಾಡಿದಾಗ ಅಂತರ್ಜಾಲದಲ್ಲಿ ಅವರ ಮೇಲೆ ನಿಂದನೆಯ ಮಳೆಯೇ ಸುರಿಯಿತು. ಕಾನೂನು ತೆರೆದ ಬಾಗಿಲನ್ನು ಜನರ ಕಣ್ಣು ಮುಚ್ಚಿಸುವುದುಂಟು.

ಸರಕಾರಕ್ಕೇ ಕಾಡುಹಣ್ಣು ಬೇಕಾದ ಕಾಲವೂ ಬಂದಿತ್ತು. ಮೊದಲ ಮಹಾಯುದ್ಧದ ಕೊನೆಯ ವರ್ಷ ಸೈನಿಕರ ಜಾಮ್‌ಗಾಗಿ ಶಾಲಾ ಮಕ್ಕಳನ್ನು ಬ್ಲ್ಯಾಕ್‌ಬೆರಿ ಕೀಳಲು ಕಳಿಸಲಾಯಿತು. ಎರಡನೆಯ ಯುದ್ಧದಲ್ಲಿ ಕಿತ್ತಳೆ ಹಡಗುಗಳು ಬರುವುದು ನಿಂತಾಗ, 1941ರಿಂದ, ಕಾಡುಗುಲಾಬಿಯ ಕಾಯಿಗಳನ್ನು ವರ್ಷಕ್ಕೆ ನೂರಾರು ಟನ್ ಸಂಗ್ರಹಿಸಿ ಮಕ್ಕಳಿಗೆ ವಿಟಮಿನ್ ಸಿ ಸಿರಪ್ ಮಾಡಿದರು. ಆ ಕಾಯಿಯ ಒಳಗಿನ ರೋಮ ತುರಿಕೆ ತರುತ್ತದೆ, ಸರಿಯಾಗಿ ಸೋಸಬೇಕು. ಹೊಸದಾಗಿ ಆಯಲು ಹೋಗುವವರಿಗೆ ಇನ್ನೊಂದು ಮಾತು: ನಾಯಿಗಳನ್ನು ಅಡ್ಡಾಡಿಸುವ ದಾರಿಯಲ್ಲಿ ಸೊಂಟಕ್ಕಿಂತ ಕೆಳಗಿನ ಹಣ್ಣಿಗೆ ಕೈ ಹಾಕದಿರುವುದೇ ಲೇಸು. ಸೆಪ್ಟೆಂಬರ್ ಕೊನೆಯ ನಂತರ ಬ್ಲ್ಯಾಕ್‌ಬೆರಿಯ ಮೇಲೆ ಸೈತಾನ ಉಗುಳುತ್ತಾನೆ ಎಂಬುದು ಅಲ್ಲಿನ ಹಳ್ಳಿಗರ ನಂಬಿಕೆ. ಆ ಹೊತ್ತಿಗೆ ಥಂಡಿಯಿಂದ ಹಣ್ಣಿಗೆ ಬೂಸ್ಟು ಹಿಡಿಯುವುದಂತೂ ನಿಜ.

ಇನ್ನು ಹಲಾಲಿನ ಪ್ರಶ್ನೆ. ಪ್ರವಾದಿ ಮುಹಮ್ಮದ್(ಸ)ರ ಜೊತೆ ಮಕ್ಕಾ ಸಮೀಪದ ಮರ್‍ರುಝ್ಝಹ್ರಾನ್‌ನಲ್ಲಿ ತಂಗಿದ್ದಾಗ ಸಹಾಬಿಗಳು ಅರಾಕ್ ಗಿಡದ ಹಣ್ಣು ಆಯುತ್ತಿದ್ದ ಘಟನೆಯನ್ನು ಜಾಬಿರ್(ರ) ಹೇಳಿದ್ದಾರೆ. ನಾವು ಮಿಸ್ವಾಕ್ ಮಾಡುವ ಗಿಡವೇ ಅದು. ಕಪ್ಪಾದದ್ದನ್ನೇ ಆಯ್ದುಕೊಳ್ಳಿ, ಅದೇ ಹೆಚ್ಚು ರುಚಿ ಎಂದು ಪ್ರವಾದಿ(ಸ) ಸೂಚಿಸಿದರಂತೆ. ತಾವು ಕುರಿ ಕಾಯುತ್ತಿದ್ದಿರಾ ಎಂದು ಸಹಾಬಿಗಳು ಕೇಳಿದರು. ಕುರಿ ಕಾಯದ ಪ್ರವಾದಿ ಇದ್ದಾರೆಯೇ ಎಂಬರ್ಥದ ಉತ್ತರ ಬಂತು. ಬುಖಾರಿ, ಮುಸ್ಲಿಂ ಎರಡರಲ್ಲೂ ಇರುವ ಹದೀಸ್ ಇದು. ಗುಡ್ಡ ಅಲೆದವನಿಗೆ ಮಾತ್ರ ಗೊತ್ತಿರುವ ವಿಷಯ ಯಾವ ಹಣ್ಣು ಮಾಗಿದೆ ಎಂಬುದು.

ಯಾರೂ ನೆಡದ, ಯಾರೂ ನೀರೆರೆಯದ ವಸ್ತು ಮುಬಾಹ್, ಅಂದರೆ ಮೊದಲು ಕೈ ಹಾಕಿದವನದು ಎಂಬುದು ಫಿಕ್ಹ್‌ನ ಸಾಮಾನ್ಯ ನಿಲುವು. ನೀರು, ಹುಲ್ಲು, ಬೆಂಕಿ ಈ ಮೂರರಲ್ಲಿ ಜನರು ಪಾಲುದಾರರು ಎಂಬ ಹದೀಸ್ ಇದಕ್ಕೆ ಆಧಾರ. ತೋಟದ ಪಕ್ಕ ಹಾದುಹೋಗುವವನು ಅಲ್ಲೇ ತಿನ್ನಬಹುದು, ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗಬಾರದು ಎಂಬ ವರದಿಯೂ ಇದೆ. ಆದರೆ ಅದು ಬೇರೊಬ್ಬರ ತೋಟದ ಮಾತು. ಈ ರಿಯಾಯಿತಿ ಯಾರಿಗೆ, ಯಾವಾಗ ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದೆ. ಬೇಲಿ ಹಾಕುವವರ ವಿಷಯದಲ್ಲಿ ಹಝ್ರತ್ ಉಮರ್(ರ)ರ ಮಾದರಿಯಂತೂ ಮನಮುಟ್ಟುವಂಥದು. ಸರಕಾರಿ ಹುಲ್ಲುಗಾವಲಿನ ಕಾವಲಿಗೆ ಹುನೈ ಎಂಬವನನ್ನು ನೇಮಿಸಿದ ಖಲೀಫರು, ನಾಲ್ಕಾರು ಒಂಟೆ ಕುರಿಗಳಿರುವ ಬಡವನನ್ನು ಒಳಗೆ ಬಿಡು, ಇಬ್ನು ಔಫ್ ಮತ್ತು ಇಬ್ನು ಅಫ್ಫಾನ್‌ರ ಹಿಂಡುಗಳನ್ನು ಮಾತ್ರ ಬಿಡಬೇಡ ಎಂದರು. ಹಿಂಡು ಸತ್ತರೂ ಅವರಿಗೆ ತೋಟ, ಹೊಲಗಳಿವೆ, ಬಡವನ ಹಿಂಡು ಸತ್ತರೆ ಅವನು ಮಕ್ಕಳನ್ನು ಕರೆದುಕೊಂಡು ನನ್ನ ಬಾಗಿಲಿಗೇ ಬರುತ್ತಾನೆ ಎಂಬುದು ಅವರು ಕೊಟ್ಟ ಕಾರಣ. ಇಬ್ನು ಅಫ್ಫಾನ್ ಎಂದರೆ ಮುಂದೆ ಖಲೀಫರಾದ ಉಸ್ಮಾನ್(ರ)ರೇ.

ಇಂಗ್ಲಿಷ್ ಕಾನೂನಿಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಬೇಡುವುದಕ್ಕಿಂತ ಹಗ್ಗ ತೆಗೆದುಕೊಂಡು ಹೋಗಿ ಸೌದೆ ಹೊರೆ ತಂದು ಮಾರುವುದು ಮೇಲು ಎಂದು ಕಲಿಸಿದವರು ಪ್ರವಾದಿ(ಸ). ಇಂಗ್ಲಿಷ್ ಕಾಯ್ದೆಯಲ್ಲಿ ಮಾರಲೆಂದು ಕಿತ್ತ ಕೂಡಲೇ ಕಳವು. ಭಾನುವಾರ ಕಾರಿನಲ್ಲಿ ಬಂದು ಬುಟ್ಟಿ ತುಂಬಿಸಿಕೊಂಡು ಹೋಗುವ ಡಾಕ್ಟರಿಗೆ ಅದು ಅನುಕೂಲವೇ. ಹಣ್ಣು ಆಯ್ದು ಪೇಟೆಯಲ್ಲಿ ಮಾರಿ ಬದುಕಬೇಕಾದ ಬಡ ಹೆಂಗಸಿಗೆ ಅದು ಬಾಗಿಲು ಮುಚ್ಚುತ್ತದೆ. ವಾಣಿಜ್ಯದ ಕೊಳ್ಳೆ ತಡೆಯಲು ಇದು ಬೇಕು ಎಂಬ ವಾದದಲ್ಲಿ ಹುರುಳಿದೆ. ಆದರೂ ಒಂದು ಬುಟ್ಟಿ ಮಾರುವವಳನ್ನೂ ಲಾರಿ ತರುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನನಗೆ ಸರಿ ಕಾಣುವುದಿಲ್ಲ.

ಮಾರುವ ಹಕ್ಕನ್ನು ಬರವಣಿಗೆಯಲ್ಲಿ ಕೊಟ್ಟದ್ದು ನಮ್ಮ 2006ರ ಅರಣ್ಯ ಹಕ್ಕು ಕಾಯ್ದೆ. ಕಿರು ಅರಣ್ಯ ಉತ್ಪನ್ನವನ್ನು ಸಂಗ್ರಹಿಸಿ ಮಾರುವುದು ಅರಣ್ಯವಾಸಿಗಳ ಹಕ್ಕು ಎಂದು ಅದು ಒಪ್ಪಿಕೊಂಡಿತು. ಯಾರಿಗೆ ಎಂಬಲ್ಲಿ ಮಾತ್ರ ತೊಡಕು. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನ ಸಿದ್ದಿಗಳ ಹಿರಿಯರು ಆಫ್ರಿಕಾದಿಂದ ಹಡಗಿನಲ್ಲಿ ತರಲ್ಪಟ್ಟವರು. ಅವರಲ್ಲಿ ಮುಸ್ಲಿಮರೂ ಇದ್ದಾರೆ, ಹಿಂದೂಗಳೂ ಕ್ರೈಸ್ತರೂ ಇದ್ದಾರೆ. ಪರನೆಲದ ಕಾಡಿನ ಹಣ್ಣು, ಜೇನು, ಗೆಡ್ಡೆಗಳನ್ನು ಗುರುತು ಹಿಡಿದು ಬದುಕಿದವರು ಅವರು. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದರಿಂದ ಹಕ್ಕು ಕೇಳಲು ಅವರಿಗೆ ಒಂದು ದಾರಿಯಾಯಿತು. ಅದೇ ಕಾಡಿನ ಗೌಳಿಗಳೂ ಪಂಗಡದ ಪಟ್ಟಿಯಲ್ಲಿಲ್ಲದ ಇತರ ಕುಟುಂಬಗಳೂ 2005ರ ಡಿಸೆಂಬರ್ 13ಕ್ಕೆ ಹಿಂದಿನ ಎಪ್ಪತ್ತೈದು ವರ್ಷಗಳಿಂದ ತಾವು ಅಲ್ಲೇ ಇದ್ದೇವೆಂದು ತೋರಿಸಬೇಕು. ಎಪ್ಪತ್ತೈದು ವರ್ಷ ಹಿಂದೆ ಎಣಿಸಿದರೆ 1930, ಜಂಗಲ್ ಸತ್ಯಾಗ್ರಹದ ವರ್ಷ. ದನದ ಹಿಂದೆ ಅಲೆದವರ ಬಳಿ ಆ ಕಾಲದ ಕಾಗದ ಎಲ್ಲಿಂದ ಬರಬೇಕು?