ಡಿಸ್ಕಿಗೆ ಕಾಯುವ ಲಿನಕ್ಸು: ಹೆಸರುಗಳ ಒಂದು ಪುಟ್ಟ ಚರಿತ್ರೆ

ಲಿನಕ್ಸ್ ಬಳಸುವ ಗೆಳೆಯರಿಂದ ನಾನು ಪದೇ ಪದೇ ಕೇಳುವ ದೂರು ಇದು: "ನಿನ್ನೆಯವರೆಗೆ ಬೇಗ ಬೂಟ್ ಆಗ್ತಿತ್ತು, ಇವತ್ತು ಒಂದೂವರೆ ನಿಮಿಷ ಸುಮ್ಮನೆ ನಿಂತಿರತ್ತೆ." ಎಲ್ಲರೂ ಮೊದಲು ಬೈಯುವುದು ಹಾರ್ಡ್ ಡಿಸ್ಕಿನ ವಯಸ್ಸನ್ನು. ಆದರೆ ಬಹಳ ಸಲ ಗಣಕ ನಿಧಾನವಾಗಿರುವುದಿಲ್ಲ, ಯಾರಿಗೋ ಕಾಯುತ್ತಿರುತ್ತದೆ! ಯಾರಿಗೆ ಅಂತ ತಿಳಿಯಬೇಕಾದರೆ ಲಿನಕ್ಸು ಡಿಸ್ಕುಗಳಿಗೆ ಹೆಸರಿಟ್ಟ ಕತೆಯನ್ನು ಸ್ವಲ್ಪ ಕೆದಕಬೇಕು.

1991ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಶುರುಮಾಡಿದ ಲಿನಕ್ಸ್ ಬೆಳೆದದ್ದು ಐಡಿಇ ಡಿಸ್ಕುಗಳ ಕಾಲದಲ್ಲಿ. ಆಗ ಹೆಸರೆಂದರೆ ವಿಳಾಸ. ಮೊದಲ ಕೇಬಲ್ಲಿನ ಮಾಸ್ಟರ್ 'ಎಚ್‌ಡಿಎ', ಅದರ ಸ್ಲೇವ್ 'ಎಚ್‌ಡಿಬಿ', ಎರಡನೇ ಕೇಬಲ್ಲಿನ ಮಾಸ್ಟರ್ 'ಎಚ್‌ಡಿಸಿ'. ಹಳ್ಳಿಯಲ್ಲಿ "ಬಾವಿ ಪಕ್ಕದ ಮನೆಯವರು" ಅಂದಹಾಗೆ. ಮನೆಯಲ್ಲಿ ಯಾರೇ ಇರಲಿ, ಹೆಸರು ಜಾಗದ್ದು. ಕೇಬಲ್ಲು, ಜಂಪರ್ ಮುಟ್ಟದಿದ್ದರೆ ಹೆಸರೂ ಬದಲಾಗುತ್ತಿರಲಿಲ್ಲ.

ಸ್ಕಸಿ ಡಿಸ್ಕುಗಳ ಪದ್ಧತಿ ಬೇರೆ. ಮೊದಲು ಕಂಡವನು 'ಎಸ್‌ಡಿಎ', ಆಮೇಲೆ ಕಂಡವನು 'ಎಸ್‌ಡಿಬಿ'. ಯುಎಸ್‌ಬಿ ಡಿಸ್ಕುಗಳೂ ಇದೇ ಸಾಲಿಗೆ ಸೇರಿದವು. ಸಾಟಾ ಬಂದಾಗ ಜೆಫ್ ಗಾರ್ಜಿಕ್ ಬರೆದ ಲಿಬ್‌ಎಟಿಎ ಕೂಡ ಸ್ಕಸಿ ವ್ಯವಸ್ಥೆಯ ಮೇಲೆಯೇ ನಿಂತಿತು. 2007ರ ಫೆಡೋರಾ 7ರಲ್ಲಿ ಹಳೆಯ ಐಡಿಇ ಡಿಸ್ಕುಗಳೂ ಎಸ್‌ಡಿ ಆದವು. ಕೊನೆಗೆ ಹಳೆಯ ಐಡಿಇ ಚಾಲಕವನ್ನೇ 2021ರಲ್ಲಿ ಕರ್ನೆಲ್ 5.14ರಿಂದ ತೆಗೆದುಹಾಕಿದರು.

ಈಗ ಹೊಸ ತೊಂದರೆ. ಒಂದು ಪೆನ್ ಡ್ರೈವ್ ಸಿಕ್ಕಿಸಿ ಬೂಟ್ ಮಾಡಿದರೆ ನಿನ್ನೆಯ ಎಸ್‌ಡಿಎ ಇವತ್ತು ಎಸ್‌ಡಿಬಿ ಆಗಬಹುದು. ಇದಕ್ಕೆ ಪರಿಹಾರ ಯುಯುಐಡಿ: ಫಾರ್ಮ್ಯಾಟ್ ಮಾಡುವಾಗಲೇ ಪಾರ್ಟಿಶನ್ನಿನೊಳಗೆ ಬರೆದಿಡುವ 128 ಬಿಟ್ಟಿನ ಗುರುತು. 2006ರ ಉಬುಂಟು 6.10 ಎಫ್‌ಸ್ಟ್ಯಾಬ್ ಕಡತದಲ್ಲಿ ಇದನ್ನೇ ಬಳಸತೊಡಗಿತು. ಅಂತೂ ಹೆಸರು ಜಾಗವನ್ನು ಬಿಟ್ಟು ಆಸಾಮಿಯನ್ನು ಹಿಡಿಯಿತು.

ಅದೇ ಹೊತ್ತಿಗೆ ವೇಗದ ಹುಚ್ಚೂ ಹತ್ತಿತ್ತು. ಹಳೆಯ ಇನಿಟ್‌ನಲ್ಲಿ ಸ್ಕ್ರಿಪ್ಟುಗಳು ರೇಶನ್ ಅಂಗಡಿ ಕ್ಯೂ ಹಾಗೆ ಒಂದರ ಹಿಂದೆ ಒಂದು. 2004ರಲ್ಲಿ ಬಂದ ಬೂಟ್‌ಚಾರ್ಟ್ ಯಾವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ಚಿತ್ರ ಬರೆದು ತೋರಿಸಿತು. 2008ರಲ್ಲಿ ಇಂಟೆಲ್‌ನ ಅರ್ಯನ್ ವಾನ್ ಡೆ ವೆನ್ ಮತ್ತು ಔಕೆ ಕಾಕ್ ಪುಟ್ಟ ಈಪಿಸಿಯನ್ನು 5 ಸೆಕೆಂಡಿನಲ್ಲಿ ಬೂಟ್ ಮಾಡಿದರು! 2010ರಲ್ಲಿ ಲೆನಾರ್ಟ್ ಪೊಟ್ಟರಿಂಗ್ ಪ್ರಕಟಿಸಿದ ಸಿಸ್ಟಮ್‌ಡಿ ಕೆಲಸಗಳನ್ನು ಒಟ್ಟೊಟ್ಟಿಗೆ ಓಡಿಸಿತು. ಆದರೆ ಎಫ್‌ಸ್ಟ್ಯಾಬ್‌ನಲ್ಲಿ ಹೆಸರಿದ್ದ ಡಿಸ್ಕು ಬರದಿದ್ದರೆ? ರೂಢಿಯ ಗಡುವು 90 ಸೆಕೆಂಡು. ಒಂದೂವರೆ ನಿಮಿಷದ ಗುಟ್ಟು ಇಷ್ಟೇ.

ನನ್ನ ಗೆಳೆಯರೊಬ್ಬರ ಗಣಕ ಹೀಗೇ ಆಗಿತ್ತು. ರಿಪೇರಿಯವರು "ಡಿಸ್ಕ್ ಹೋಗಿದೆ, ಹೊಸದು ಹಾಕಿ" ಅಂದಿದ್ದರಂತೆ. ಅದರಲ್ಲಿ ಮಗಳ ಬಾಲ್ಯದ ಫೋಟೋಗಳೆಲ್ಲ ಇದ್ದವು, ಪಾಪ, ಮನೆಯವರೆಲ್ಲ ಕಂಗಾಲು. ನೋಡಿದರೆ ಡಿಸ್ಕು ಗಟ್ಟಿಯಾಗೇ ಇತ್ತು. ಪಕ್ಕದಲ್ಲಿ ಇನ್ನೊಂದು ಲಿನಕ್ಸ್ ಹಾಕುವಾಗ ಸ್ವಾಪ್ ಪಾರ್ಟಿಶನ್ ಮತ್ತೆ ಫಾರ್ಮ್ಯಾಟ್ ಆಗಿ ಅದರ ಯುಯುಐಡಿ ಬದಲಾಗಿತ್ತು. ಹಳೆಯ ಲಿನಕ್ಸು ಊರು ಬಿಟ್ಟುಹೋದವನ ದಾರಿ ಕಾಯುತ್ತಿತ್ತು. ಎಫ್‌ಸ್ಟ್ಯಾಬ್‌ನ ಒಂದು ಸಾಲು ತಿದ್ದಿದ್ದಾಯಿತು. ಇನ್ನೂ ಅರ್ಧ ನಿಮಿಷದ ಕಾಯುವಿಕೆ ಉಳಿದಿತ್ತು: ಹೈಬರ್ನೇಟ್‌ನಿಂದ ಏಳಲು ಇನಿಟ್‌ರಾಮ್‌ಎಫ್‌ಎಸ್‌ನೊಳಗೂ ಅದೇ ಹಳೆಯ ಗುರುತು ಕೂತಿತ್ತು. ಅದನ್ನೂ ತಿದ್ದಿ ಹೊಸದಾಗಿ ಕಟ್ಟಿದ ಮೇಲೆ ಎಲ್ಲ ಸರಿಹೋಯಿತು.

ನಿಮಗೂ ಹೀಗಾದರೆ 'ಸಿಸ್ಟಮ್‌ಡಿ-ಅನಲೈಜ್' ಆಜ್ಞೆಯಿಂದ ಹೊತ್ತು ಎಲ್ಲಿ ಹೋಗುತ್ತಿದೆ ನೋಡಿ. 'ಬಿಎಲ್‌ಕೆಐಡಿ' ಹೇಳುವ ಗುರುತುಗಳನ್ನು ಎಫ್‌ಸ್ಟ್ಯಾಬ್ ಜೊತೆ ಹೋಲಿಸಿ. ಆಗಾಗ ಬಿಚ್ಚಿಡುವ ಡಿಸ್ಕಿನ ಸಾಲಿಗೆ 'ನೋಫೇಲ್' ಸೇರಿಸಿ.

ಒಂದು ಎಚ್ಚರಿಕೆ. ಕರ್ನೆಲ್ಲಿನ ಸಂದೇಶಗಳಲ್ಲಿ ಓದುವ-ಬರೆಯುವ ದೋಷಗಳು, ಮತ್ತೆ ಮತ್ತೆ ಲಿಂಕ್ ರೀಸೆಟ್ ಕಂಡರೆ ಅದು ಹೆಸರಿನ ತಕರಾರಲ್ಲ. ಆಗ ಬೂಟ್ ವೇಗದ ಯೋಚನೆ ಬಿಟ್ಟು ಮೊದಲು ಫೋಟೋಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಕೇಬಲ್ ಬದಲಿಸುವುದು, ಸ್ಮಾರ್ಟ್ ವರದಿ ನೋಡುವುದು ಎಲ್ಲ ಆಮೇಲೆ.