ಎರಡು ಫೋನುಗಳು, ಒಂದು ಒತ್ತಕ್ಷರ

2025ರ ಫೆಬ್ರವರಿ ತಿಂಗಳ ಒಂದು ಸಂಜೆ, ಕುವೈತಿನಲ್ಲಿರುವ ನನ್ನ ಅಕ್ಕನ ಮಗ ಫೋನು ಮಾಡಿದ. ಕುಂಬಳೆಯಲ್ಲಿ ಒಬ್ಬಳೇ ಇರುವ ತಾಯಿಗೆ ಒಳ್ಳೆಯ ಮೊಬೈಲು ತೆಗೆದುಕೊಡಬೇಕು, ಹಣದ ಯೋಚನೆ ಬೇಡ, ಆದರೆ ಆರಿಸುವ ಕೆಲಸ ನನ್ನದು ಎಂದ. ಅವನ ಮನಸ್ಸಿನಲ್ಲಿದ್ದವು ಎರಡೇ ಹೆಸರು. ಒಂದು ಆಪಲ್ ಸಂಸ್ಥೆಯ ಐಫೋನ್ 16, ಇನ್ನೊಂದು ಸ್ಯಾಮ್‌ಸಂಗ್ ಸಂಸ್ಥೆಯ ಗೆಲಾಕ್ಸಿ ಎಸ್25. ಬಿಡುಗಡೆಯ ಬೆಲೆ ಮೊದಲನೆಯದಕ್ಕೆ 79,900 ರೂಪಾಯಿ, ಎರಡನೆಯದಕ್ಕೆ 80,999 ರೂಪಾಯಿ. ನಾನು ಸೇವೆಗೆ ಸೇರಿದ ಕಾಲದಲ್ಲಿ ಅಷ್ಟು ಹಣವನ್ನು ಒಟ್ಟಿಗೆ ಕಂಡವನಲ್ಲ.

"ಮಾವಾ, ನೀವೇ ಹೋಗಿ ನೋಡಿ. ಕ್ಯಾಮರಾ ಹೇಗಿದ್ದರೂ ಅಡ್ಡಿಯಿಲ್ಲ. ಈ ಸಲ ಚೌಕಗಳು ಬೀಳಬಾರದು, ಅಷ್ಟೆ" ಎಂದು ಅವನು ಮಾತು ಮುಗಿಸಿದ.

ಆ 'ಚೌಕ'ದ ಹಿನ್ನೆಲೆಯನ್ನು ಮೊದಲು ಹೇಳಬೇಕು. 2010ರ ದೀಪಾವಳಿಯ ದಿನಗಳವು. ಗುರುವಾಯನಕೆರೆಯಲ್ಲಿ ಗುಡ್ಡದ ಮರೆಯಲ್ಲಿರುವ ನಮ್ಮ ಮನೆಯೊಳಗೆ ಆಗ ಮೊಬೈಲಿನ ಕರೆ ತಾಗುತ್ತಿರಲಿಲ್ಲ. ಅಂಗಳಕ್ಕೆ ಇಳಿದರೆ ಸಂದೇಶಗಳು ಬಂದು ಬೀಳುತ್ತಿದ್ದವು. ಅಂದು ರಾತ್ರಿ ಅಳಿಯನಿಂದ ಒಂದು ಸಂದೇಶ ಬಂದಿತ್ತು. ತೆರೆದರೆ ಮೂರು ನಾಲ್ಕು ಸಾಲು ಖಾಲಿ ಚೌಕಗಳು, ಒಂದಕ್ಷರವೂ ಇಲ್ಲ. ಹಬ್ಬದ ಶುಭಾಶಯ ಹೇಗೋ ಕೆಟ್ಟುಹೋಗಿ ಬಂದಿದೆಯೆಂದು ತಿಳಿದು ಮಲಗಿದೆ. ಬೆಳಿಗ್ಗೆ ನೆರೆಮನೆಯ ಸ್ಥಿರ ದೂರವಾಣಿಗೆ ಕರೆ ಬಂದಾಗ ವಿಷಯ ತಿಳಿಯಿತು. ಭಾವನನ್ನು ಹಿಂದಿನ ಸಂಜೆಯೇ ಮಂಗಳೂರಿನ ಆಸ್ಪತ್ರೆಗೆ ಸೇರಿಸಿದ್ದರು. ನಾನು ಮಡಂತ್ಯಾರು, ಬಂಟ್ವಾಳದ ದಾರಿಯಾಗಿ ಬಸ್ಸು ಹಿಡಿದು ತಲುಪುವ ಹೊತ್ತಿಗೆ ಅವರು ಹೋಗಿಬಿಟ್ಟಿದ್ದರು.

ಹುಡುಗ ಹೊಸ ಫೋನಿನಲ್ಲಿ ಕನ್ನಡದಲ್ಲಿ ಬರೆಯಲು ಕಲಿತಿದ್ದ. ಅಕ್ಕ ಹೇಳಿದ ಮಾತನ್ನು ಹಾಗೆಯೇ ಕನ್ನಡದಲ್ಲಿ ಬರೆದು ಕಳುಹಿಸಿದ್ದ. ನನ್ನ ಕೈಯಲ್ಲಿದ್ದ ಉಪಕರಣಕ್ಕೆ ಕನ್ನಡ ಗೊತ್ತಿರಲಿಲ್ಲ. ಅವನು ತನ್ನನ್ನೂ ನಾನು ನನ್ನನ್ನೂ ಬಹುಕಾಲ ದೂರಿಕೊಂಡೆವು.

ಚರಿತ್ರೆ ಕಲಿಸಿದವನಿಗೆ ಯಾವುದೇ ಸಂಗತಿಯ ಹಿಂದಿನ ಕಾರಣ ಹುಡುಕದೆ ಸಮಾಧಾನವಾಗುವುದಿಲ್ಲ. ಹುಡುಕುತ್ತ ಹೋದಂತೆ ತಿಳಿದದ್ದಿಷ್ಟು: ಹೊಸ ಯಂತ್ರ ಬಂದಾಗಲೆಲ್ಲ ಕನ್ನಡದ ಅಕ್ಷರ ಬಾಗಿಲಲ್ಲಿ ಕಾದು ನಿಂತಿದೆ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗರು ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದಾಗ ಅದು ಅಚ್ಚಾದದ್ದು ಕಲ್ಲಚ್ಚಿನಲ್ಲಿ. ಮರುವರ್ಷ ಪತ್ರಿಕೆ ಅಚ್ಚುಮೊಳೆಗಳ ಅನುಕೂಲವಿದ್ದ ಬಳ್ಳಾರಿಗೆ ಹೋಗಬೇಕಾಯಿತು. ಇಂಗ್ಲಿಷಿಗೆ 26 ಅಕ್ಷರಗಳ ದೊಡ್ಡ, ಸಣ್ಣ ರೂಪಗಳ ಮೊಳೆಗಳಿದ್ದರೆ ಹೆಚ್ಚುಕಡಿಮೆ ಕೆಲಸ ನಡೆಯುತ್ತದೆ. ನಮ್ಮಲ್ಲಿ ಗುಣಿತಾಕ್ಷರ, ಒತ್ತಕ್ಷರ, ಅರ್ಕಾವೊತ್ತು ಎಲ್ಲಕ್ಕೂ ಬೇರೆಬೇರೆ ಮೊಳೆ ಬೇಕು. ಆದರೂ ಛಲ ಬಿಡದ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದಲೇ 1894ರಲ್ಲಿ ಕಿಟ್ಟೆಲರ ನಿಘಂಟು ಹೊರಬಂತು.

ಗಣಕಯಂತ್ರ ಬಂದಾಗಲೂ ಇದೇ ಸಮಸ್ಯೆ. ಅದನ್ನು ಬಿಡಿಸಿದವರಲ್ಲಿ ಅಗ್ರಗಣ್ಯರು ನಮ್ಮ ಜಿಲ್ಲೆಯ ಕಿನ್ನಿಕಂಬಳದ ಕೆ. ಪಿ. ರಾವ್. ಪ್ರತಿ ಆಕಾರಕ್ಕೂ ಒಂದು ಕೀಲಿ ಎಂಬ ಬೆರಳಚ್ಚಿನ ಕ್ರಮವನ್ನು ಬಿಟ್ಟು ಅವರು ಧ್ವನಿಯ ಕ್ರಮವನ್ನು ಹಿಡಿದರು. ವ್ಯಂಜನವನ್ನು ಒತ್ತಿ, ಸ್ವರವನ್ನು ಒತ್ತಿದರೆ ಗುಣಿತಾಕ್ಷರವನ್ನು ಯಂತ್ರವೇ ಕಟ್ಟಬೇಕು. ಎರಡು ವ್ಯಂಜನಗಳ ನಡುವೆ ಜೋಡಿಸುವ ಕೀಲಿಯನ್ನು ಒತ್ತಿದರೆ ಒತ್ತಕ್ಷರವಾಗಬೇಕು. ನಾವು ಒಂದನೆಯ ತರಗತಿಯಲ್ಲಿ ಕಾಗುಣಿತ ಕಲಿಸಿದ್ದೂ ಹೀಗೆಯೇ ಅಲ್ಲವೇ? ಮುಂದೆ ಸರಕಾರ ಒಪ್ಪಿದ ಕನ್ನಡ ಕೀಲಿಮಣೆಗೆ ಅವರ ವಿನ್ಯಾಸವೇ ಆಧಾರವಾಯಿತು. ತಮ್ಮ ತಂತ್ರಾಂಶಕ್ಕೆ ಅವರಿಟ್ಟ ಹೆಸರು 'ಸೇಡಿಯಾಪು'. ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ನೆನಪಿಗೆ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದ ಮೇಲೆ ನನ್ನಂಥ ಮೇಷ್ಟ್ರುಗಳೂ ಪ್ರಶ್ನೆಪತ್ರಿಕೆಯನ್ನು ಕನ್ನಡದಲ್ಲಿ ತಾವೇ ಸಿದ್ಧಪಡಿಸುವಂತಾಯಿತು.

ಇದರ ಜೊತೆಗೆ ಇನ್ನೊಂದು ಕೆಲಸ ಸದ್ದಿಲ್ಲದೆ ನಡೆದಿತ್ತು. 1991ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ಜಾಗತಿಕ ಸಂಕೇತ ಕ್ರಮದಲ್ಲಿ ಕನ್ನಡಕ್ಕೂ ಸ್ಥಾನ ಸಿಕ್ಕಿತು. ಪ್ರತಿಯೊಂದು ವರ್ಣಕ್ಕೆ, ಪ್ರತಿಯೊಂದು ಸ್ವರಚಿಹ್ನೆಗೆ ಒಂದೊಂದು ಕ್ರಮಸಂಖ್ಯೆ. 'ಗುರುವಾಯನಕೆರೆ' ಎಂಬುದು ನಮ್ಮ ಕಣ್ಣಿಗೆ 7 ಅಕ್ಷರ. ಯೂನಿಕೋಡಿನಲ್ಲಿ 12 ಸಂಕೇತ. 'ಸ್ತ್ರೀ' ನಮಗೆ ಒಂದೇ ಅಕ್ಷರ, ಯಂತ್ರಕ್ಕೆ 6 ಸಂಕೇತ. ಸಂದೇಶದಲ್ಲಿ ಸಾಗುವುದು ಈ ಸಂಖ್ಯೆಗಳು ಮಾತ್ರ. ಅವುಗಳನ್ನು ಕೂಡಿಸಿ ಅಕ್ಷರದ ರೂಪ ಬಿಡಿಸುವ ಹೊಣೆ ಓದುವವನ ಕೈಯಲ್ಲಿರುವ ಫೋನಿನದು. ಅದರಲ್ಲಿ ಕನ್ನಡದ ಅಕ್ಷರರೂಪಗಳು ಇಲ್ಲದಿದ್ದರೆ ಅದು ಚೌಕ ಬರೆದು ಸುಮ್ಮನಾಗುತ್ತದೆ.

ಅಂತೂ ಚೌಕದ ಕಾರಣ ತಿಳಿಯಿತು. ಇನ್ನು ಈ ಎರಡು ಸಂಸ್ಥೆಗಳ ಫೋನುಗಳು ಕನ್ನಡವನ್ನು ಹೇಗೆ ನಡೆಸಿಕೊಂಡವೆಂಬುದನ್ನು ನೋಡೋಣ.

ಭಾರತದ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು. ಐಫೋನು ಭಾರತದ ಅಂಗಡಿಗೆ ಬಂದದ್ದು 2008ರ ಆಗಸ್ಟ್ 22ರಂದು, 8 ಜಿ.ಬಿ. ಮಾದರಿಯ ಬೆಲೆ 31,000 ರೂಪಾಯಿ. ಸ್ಯಾಮ್‌ಸಂಗಿನ ಗೆಲಾಕ್ಸಿ ಎಸ್ ಮಾಲಿಕೆ ಶುರುವಾದದ್ದು 2010ರಲ್ಲಿ, ಗೂಗಲ್‌ನ ಆಂಡ್ರಾಯ್ಡ್ ವ್ಯವಸ್ಥೆಯ ಮೇಲೆ. 2011ರಲ್ಲಿ ಆಪಲ್ ತನ್ನ ಫೋನಿನ ರೂಪವನ್ನು ಅನುಕರಿಸಿದರೆಂದು ಸ್ಯಾಮ್‌ಸಂಗಿನ ಮೇಲೆ ಅಮೆರಿಕದಲ್ಲಿ ದಾವೆ ಹೂಡಿತು. 2012ರ ಆಗಸ್ಟಿನಲ್ಲಿ ಜ್ಯೂರಿ ನೂರು ಕೋಟಿ ಡಾಲರಿಗೂ ಮಿಕ್ಕಿದ ಪರಿಹಾರ ವಿಧಿಸಿತು. ವ್ಯಾಜ್ಯ ರಾಜಿಯಲ್ಲಿ ಮುಗಿದದ್ದು 2018ರಲ್ಲಿ. ಮೂಲೆ ದುಂಡಗಿರಬೇಕೇ, ಚಿತ್ರಗಳು ಹೇಗೆ ಜೋಡಿಸಿರಬೇಕು ಎಂಬುದಕ್ಕೆ ಏಳು ವರ್ಷ ವಾದ ನಡೆಯಿತು.

ಆ 2012ರಲ್ಲಿಯೇ ಇಲ್ಲಿ ಗೆಲಾಕ್ಸಿ ಎಸ್3ರ ಬೆಲೆ 43,180 ರೂಪಾಯಿ, ಐಫೋನ್ 5ರ ಬೆಲೆ 45,500 ರೂಪಾಯಿ. ಎರಡರ ಹೋಲಿಕೆ ಪತ್ರಿಕೆಗಳಲ್ಲಿ ತುಂಬಿತ್ತು: ಪರದೆ ಎಷ್ಟು ಇಂಚು, ತೂಕ ಎಷ್ಟು, ಚಿತ್ರ ಎಷ್ಟು ಸ್ಪಷ್ಟ. ಕನ್ನಡ ಬರುತ್ತದೆಯೇ ಎಂಬ ಕಾಲಮ್ಮನ್ನು ನಾನು ಎಲ್ಲಿಯೂ ಕಾಣಲಿಲ್ಲ. ಅದೇ ವರ್ಷ ಬಂದ ಆಂಡ್ರಾಯ್ಡ್ 4.1ರಲ್ಲಿ ಕನ್ನಡ, ತೆಲುಗು, ಮಲಯಾಳಗಳ ಅಕ್ಷರರೂಪಗಳು ಸೇರಿದವು, ಅದು ಸುದ್ದಿಯಾಗಲಿಲ್ಲ. 2014ರ ಆಂಡ್ರಾಯ್ಡ್ 5.0ರಲ್ಲಿ ಫೋನಿನ ಪಟ್ಟಿ, ಸೂಚನೆಗಳನ್ನೂ ಕನ್ನಡದಲ್ಲಿ ಓದುವಂತಾಯಿತು. ಅಗ್ಗದ ಫೋನುಗಳಲ್ಲಿಯೂ ಅದೇ ಆಂಡ್ರಾಯ್ಡ್ ಇದ್ದುದರಿಂದ, ಕನ್ನಡ ಹಲವರ ಕೈ ಸೇರಿದ್ದು ದುಬಾರಿ ಫೋನಿನ ಮೂಲಕವಲ್ಲ, ಆರೇಳು ಸಾವಿರದ ಫೋನಿನ ಮೂಲಕ.

ನನಗೂ ಹಾಗೆಯೇ ಆಯಿತು. 2014ರಲ್ಲಿ ಒಂದು ಸಾಧಾರಣ ಆಂಡ್ರಾಯ್ಡ್ ಫೋನು ಕೊಂಡು ಹಳೆಯ ಸಿಮ್ ಕಾರ್ಡನ್ನು ಅದಕ್ಕೆ ಹಾಕಿದೆ. ಸಿಮ್ಮಿನಲ್ಲಿ ಉಳಿದಿದ್ದ ಸಂದೇಶಗಳನ್ನು ನೋಡುತ್ತಿದ್ದಾಗ ಒಂದು ಕಡೆ ಕೈ ನಿಂತಿತು. "ಮಾವ, ಅಪ್ಪನನ್ನು ಮಂಗಳೂರಿಗೆ ಕರೆದೊಯ್ದಿದ್ದೇವೆ. ಬೇಗ ಬನ್ನಿ. ನಿಮ್ಮನ್ನು ಕೇಳಿದರು" ಎಂದಿತ್ತು. ನಾಲ್ಕು ವರ್ಷ ಚೌಕಗಳಾಗಿದ್ದ ಮಾತು ಅದು. ಇಂಗ್ಲಿಷಿನ ಒಂದು ಸಂದೇಶಕ್ಕೆ 160 ಅಕ್ಷರಗಳ ಜಾಗವಿದ್ದರೆ, ಕನ್ನಡದ ಒಂದು ಸಂದೇಶಕ್ಕೆ ಇದ್ದದ್ದು 70 ಸಂಕೇತಗಳ ಜಾಗ ಮಾತ್ರ. ಎಣಿಸಿ ನೋಡಿದೆ, ಸರಿಯಾಗಿ 70. ಕೊನೆಯ ಪೂರ್ಣವಿರಾಮಕ್ಕೆ ಜಾಗ ಉಳಿದಿರಲಿಲ್ಲ. ಹುಡುಗ ತಪ್ಪು ಮಾಡಿರಲಿಲ್ಲ. ಅವನ ಅಕ್ಷರಗಳು ಕೆಡದೆ ನನ್ನ ಕೈಗೆ ಬಂದು ಸೇರಿದ್ದವು. ಆ ರಾತ್ರಿಯೇ ಅವನಿಗೆ ಫೋನು ಮಾಡಿ ಓದಿ ಹೇಳಿದೆ.

ಇನ್ನು ಐಫೋನಿನ ಮಾತು. ಬೇರೆಯವರು ರಚಿಸಿದ ಕೀಲಿಮಣೆಗಳನ್ನು ಅಳವಡಿಸಲು ಅದರಲ್ಲಿ ಅವಕಾಶವಾದದ್ದು 2014ರಲ್ಲಿ. ಸಂಸ್ಥೆಯ ಸ್ವಂತ ಕನ್ನಡ ಕೀಲಿಮಣೆ ಬಂದದ್ದು 2017ರ ಸೆಪ್ಟೆಂಬರ್ 19ರ ಐಓಎಸ್ 11ರೊಡನೆ. ಮಲಯಾಳದ್ದೂ ಜೊತೆಗೆ ಬಂತು. ಇಲ್ಲೊಂದು ವಿಚಿತ್ರವಿದೆ. ಭಾರತದಲ್ಲಿ ಮೊದಲ ಐಫೋನುಗಳು ಜೋಡಣೆಯಾದದ್ದು ಬೆಂಗಳೂರಿನ ಪೀಣ್ಯದಲ್ಲಿ, ಅದೇ 2017ರ ಮೇ ತಿಂಗಳಲ್ಲಿ. ಎಂದರೆ ಕನ್ನಡನಾಡಿನಲ್ಲೇ ಜೋಡಿಸಿದ ಆ ಫೋನಿಗೆ ಸ್ವಂತ ಕನ್ನಡ ಕೀಲಿಮಣೆ ದೊರೆಯಲು ಇನ್ನೂ ನಾಲ್ಕು ತಿಂಗಳು ಬೇಕಾಯಿತು! ಈ ನಡುವೆ 2016ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಒಂದು ಮಾನಕವನ್ನು ಕಡ್ಡಾಯಗೊಳಿಸುವ ಅಧಿಸೂಚನೆ ಹೊರಡಿಸಿತ್ತು. ಇಲ್ಲಿ ಮಾರುವ ಪ್ರತಿ ಫೋನಿನಲ್ಲಿ 22 ಭಾಷೆಗಳನ್ನೂ ಓದಲು ಸಾಧ್ಯವಿರಬೇಕು, ಇಂಗ್ಲಿಷ್, ಹಿಂದಿ ಮತ್ತು ಇನ್ನೊಂದು ಭಾರತೀಯ ಭಾಷೆಯಲ್ಲಿ ಬರೆಯಲು ಸಾಧ್ಯವಿರಬೇಕು ಎಂಬುದು ಅದರ ತಿರುಳು. ಚೌಕಗಳ ಕಾಲ ಹೀಗೆ ಮುಗಿಯುತ್ತ ಬಂತು.

ಇಷ್ಟು ತಿಳಿದುಕೊಂಡು ಮಂಗಳೂರಿನ ಅಂಗಡಿಗೆ ಹೋದೆ. ಮಾರಾಟದ ಹುಡುಗ ವಿನಯದಿಂದ ಎರಡನ್ನೂ ಮುಂದಿಟ್ಟ. ಐಫೋನ್ 16ಕ್ಕೆ 6.1 ಇಂಚಿನ ಪರದೆ, 170 ಗ್ರಾಂ ತೂಕ, 128 ಜಿ.ಬಿ. ಸಂಗ್ರಹ, ಹಿಂಬದಿಯಲ್ಲಿ ಎರಡು ಕ್ಯಾಮರಾ. ಗೆಲಾಕ್ಸಿಗೆ 6.2 ಇಂಚು, 162 ಗ್ರಾಂ, 256 ಜಿ.ಬಿ., ಮೂರು ಕ್ಯಾಮರಾ. ದೂರದ್ದನ್ನು ಹತ್ತಿರಕ್ಕೆ ತರುವ ಮಸೂರವೂ ಇದೆ. ನೀರಿನ ವಿಷಯದಲ್ಲಿ ಐಫೋನಿನದ್ದು ಮೇಲುಗೈ. 6 ಮೀಟರ್ ಆಳದಲ್ಲಿ ಅರ್ಧ ಗಂಟೆ ತಾಳುತ್ತದೆಂದು ಸಂಸ್ಥೆಯ ಹೇಳಿಕೆ. ಗೆಲಾಕ್ಸಿಯದ್ದು ಒಂದೂವರೆ ಮೀಟರ್. ನಮ್ಮ ಮಳೆಗಾಲ ಎಷ್ಟೇ ಜೋರಿದ್ದರೂ ಅಕ್ಕ ಫೋನು ಹಿಡಿದು ಬಾವಿಗೆ ಇಳಿಯುವವಳಲ್ಲವಾದ್ದರಿಂದ ಅದನ್ನು ಬದಿಗಿಟ್ಟೆ.

ಆಮೇಲೆ ನನ್ನ ಪರೀಕ್ಷೆ. ಎರಡರಲ್ಲಿಯೂ ಕನ್ನಡ ಕೀಲಿಮಣೆ ತೆರೆಸಿ 'ಸ್ತ್ರೀ', 'ಧರ್ಮಸ್ಥಳ', 'ಲಕ್ಷ್ಮೀ', 'ಅರ್ಘ್ಯ' ಎಂದು ಬರೆದೆ. ಎರಡೂ ಉತ್ತೀರ್ಣ, ಒಂದು ವೊತ್ತೂ ಜಾರಲಿಲ್ಲ. 2024ರ ಐಓಎಸ್ 18ರಿಂದ ಐಫೋನಿನ ಮುಖಪುಟದ ಗಡಿಯಾರದಲ್ಲಿ ಕನ್ನಡದ ಅಂಕಿಗಳನ್ನೂ ಇಟ್ಟುಕೊಳ್ಳಬಹುದಾಗಿತ್ತು, ನೋಡಿ ಸಂತೋಷವಾಯಿತು. ವ್ಯತ್ಯಾಸ ಕಂಡದ್ದು ಒಳಗೆ ಹೋದಾಗ. ಗೆಲಾಕ್ಸಿಯಲ್ಲಿ ಫೋನಿನ ಪಟ್ಟಿ, ಎಚ್ಚರಿಕೆ, ಸೂಚನೆ ಎಲ್ಲವನ್ನೂ ಕನ್ನಡಕ್ಕೆ ತಿರುಗಿಸಬಹುದಿತ್ತು. ಐಫೋನಿನಲ್ಲಿ ಅಂದು ಆ ಸೌಲಭ್ಯ ನನಗೆ ಸಿಗಲಿಲ್ಲ. ಇಂಗ್ಲಿಷ್ ಬಲ್ಲವರಿಗೆ ಇದು ಗಣನೆಯಲ್ಲಿಲ್ಲ. ಏಳನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ, ಎಪ್ಪತ್ತು ದಾಟಿದ ಹೆಂಗಸಿಗೆ, 'ಅಳಿಸಲೇ?' ಎಂದು ಫೋನು ಕೇಳುವಾಗ ಅದು ಏನು ಕೇಳುತ್ತಿದೆಯೆಂದು ತಿಳಿಯುವುದೇ ದೊಡ್ಡ ವಿಷಯ.

ಇನ್ನೊಂದು ಪ್ರಶ್ನೆ ಬಾಳಿಕೆಯದು. 2024ರ ಜನವರಿಯಲ್ಲಿ ಗೆಲಾಕ್ಸಿ ಎಸ್24ರೊಡನೆ ಸ್ಯಾಮ್‌ಸಂಗ್ ಏಳು ವರ್ಷಗಳ ತಂತ್ರಾಂಶ ನವೀಕರಣದ ಭರವಸೆ ಕೊಟ್ಟಿತು. ಎಸ್25ಕ್ಕೂ ಅದೇ ಭರವಸೆ. ಆಪಲ್ ಹಾಗೆ ಮುಂಗಡ ಮಾತು ಕೊಡದಿದ್ದರೂ ನಡತೆಯಲ್ಲಿ ಹಿಂದುಳಿದಿಲ್ಲ: 2018ರ ಐಫೋನ್ ಎಕ್ಸ್‌ಎಸ್‌ಗೆ 2024ರ ಐಓಎಸ್ 18 ಸಿಕ್ಕಿತ್ತು. ಈ ಲೆಕ್ಕದಲ್ಲಿ ಎರಡೂ ಸಮಾನವೆನ್ನಬೇಕು.

ಏಳು ವರ್ಷ ಎಂದಾಗ ನನಗೆ ಮೂಡುಬಿದಿರೆಯ ನೆನಪಾಗುತ್ತದೆ. ವೇಣೂರಿನ ದಾರಿಯಾಗಿ ವಿದ್ಯಾರ್ಥಿಗಳನ್ನು ಎಷ್ಟು ಸಲ ಅಲ್ಲಿಗೆ ಕರೆದೊಯ್ದಿದ್ದೇನೋ! ಅಲ್ಲಿಯ ಸಿದ್ಧಾಂತ ಬಸದಿ ಕಾಪಾಡಿದ ಧವಲಾ ಗ್ರಂಥದ ತಾಡವೋಲೆಗಳು ಹಳಗನ್ನಡ ಲಿಪಿಯವು. ಶತಮಾನಗಳ ಹಿಂದಿನ ಆ ಓಲೆಗಳನ್ನು ನಮ್ಮ ಕಾಲದ ವಿದ್ವಾಂಸರು ಓದಿ, ಪ್ರತಿಮಾಡಿ, 1939ರಿಂದ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಅಚ್ಚು ಹಾಕಿಸಿದರು. ಓಲೆ ಹುಡಿಯಾಗಬಹುದು, ಫೋನು ಕೆಡಬಹುದು. ಲಿಪಿಯ ಕ್ರಮ ಎಲ್ಲರಿಗೂ ಸಮಾನವಾಗಿದ್ದರೆ ಮಾತು ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಭಾವನ ಮಾತು ನನಗೆ ತಲುಪಿದ್ದು ಹಾಗೆ. ಈ ಕೆಲಸ ಇನ್ನೂ ಮುಗಿದಿಲ್ಲ. ನಮ್ಮ ಮನೆಮಾತಾದ ತುಳುವಿನ ಲಿಪಿಗೆ ಯೂನಿಕೋಡಿನಲ್ಲಿ ಸ್ಥಾನ ದೊರೆತದ್ದು 2024ರ ಸೆಪ್ಟೆಂಬರಿನಲ್ಲಷ್ಟೆ.

ಗೆಲಾಕ್ಸಿಯನ್ನೇ ಕೊಂಡೆ. ಅದು ಎಲ್ಲರಿಗೂ ಶ್ರೇಷ್ಠವೆಂದು ನಾನು ಹೇಳುವುದಿಲ್ಲ. ಮನೆಯವರೆಲ್ಲ ಐಫೋನು ಬಳಸುವವರು, ಇಂಗ್ಲಿಷಿನಲ್ಲಿ ವ್ಯವಹರಿಸುವವರು ಅದನ್ನೇ ಕೊಳ್ಳುವುದರಲ್ಲಿ ಅರ್ಥವಿದೆ. ಆದರೆ ಓದುಗ ಮಿತ್ರರಲ್ಲಿ ಒಂದು ವಿನಂತಿ. ಹಿರಿಯರಿಗೆಂದು ಫೋನು ಕೊಳ್ಳಹೋದಾಗ ಕ್ಯಾಮರಾ ನೋಡುವ ಮುಂಚೆ ಅವರ ಹೆಸರನ್ನೊಮ್ಮೆ ಅವರ ಭಾಷೆಯಲ್ಲಿ ಬರೆದು ನೋಡಿ. ಪಟ್ಟಿಯನ್ನು ಅವರ ಭಾಷೆಗೆ ತಿರುಗಿಸಿ ನೋಡಿ.

ಕುಂಬಳೆಗೆ ಹೋಗಿ ಫೋನು ಕೊಟ್ಟು, ಎರಡು ದಿನ ನಿಂತು ಕಲಿಸಿ ಬಂದೆ. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಅಕ್ಕನ ಮೊದಲ ಸಂದೇಶ ಬಂತು: "ತಮ್ಮಾ, ಮಾವಿನ ಮಿಡಿ ಕಳುಹಿಸಿದ್ದೇನೆ. ಭರಣಿ ತೊಳೆದಿಡು." ಈ ಸಲ ಪೂರ್ಣವಿರಾಮಕ್ಕೂ ಜಾಗವಿತ್ತು. ನಾನು ಎದ್ದು ಭರಣಿ ತೊಳೆದಿಟ್ಟೆ.